ಡ್ರೈವರ್ ಹಿಂದಿನ ಸೀಟು

"ಸ್ಟಾಫ್," ಎಂದ ಕೊಟ್ರೇಶ್.

ಅಂದದ್ದೇ ತಡ, ನಾಲಿಗೆ ಕಚ್ಚಿಕೊಂಡ. ಇಪ್ಪತ್ತೇಳು ವರ್ಷ ಸಿಟಿ ಬಸ್ಸು ಓಡಿಸಿದವನ ಬಾಯಿ ಅದು. ಟಿಕೆಟ್ ಮೆಷಿನ್ನಿನ ಸದ್ದು ಹತ್ತಿರ ಬಂದರೆ ಬೇರೇನು ತಾನೇ ಹೇಳೀತು? ಗುರುತಿನ ಕಾರ್ಡನ್ನು ಡಿಪೋಗೆ ವಾಪಸು ಕೊಟ್ಟು ಎಂಟು ತಿಂಗಳಾಯಿತು ಎನ್ನುವ ಸುದ್ದಿ ತಲೆಗೆ ಮುಟ್ಟಿತ್ತು, ಬಾಯಿಗಿನ್ನೂ ಮುಟ್ಟಿರಲಿಲ್ಲ.

"ಕಾರ್ಡ್ ತೋರ್ಸಿ."

ದನಿ ಎಡಗಡೆಯಿಂದ ಬಂತು. ಎಡಗಡೆ ಬಲಗಡೆ ಎರಡೂ ಈಗ ಕೊಟ್ರೇಶನ ಪಾಲಿಗೆ ಇರಲಿಲ್ಲ. ಎದುರಿಗಿರುವುದಷ್ಟೇ ಕಾಣುತ್ತಿತ್ತು, ಪಕ್ಕದ್ದು ಬೇಕೆಂದರೆ ಇಡೀ ತಲೆಯನ್ನೇ ತಿರುಗಿಸಬೇಕಿತ್ತು. ತಿರುಗಿಸಿದ. ಮೊದಲು ಕಂಡದ್ದು ಸೀರೆಯ ಮೇಲೆ ತೊಟ್ಟ ಖಾಕಿ ಅಂಗಿಯ ತೋಳು. ಆಮೇಲೆ ಹೆಗಲಿನ ಚರ್ಮದ ಬ್ಯಾಗು, ಕಿವಿಯ ಪುಟ್ಟ ನೀಲಿ ಕಲ್ಲಿನ ಓಲೆ. ಕೊನೆಗೆ ಆ ಎರಡು ಕಣ್ಣು.

ಸಂಘಮಿತ್ರಾ. ಆರು ವರ್ಷ ಅವನ ಬಸ್ಸಿನ ಕಂಡಕ್ಟರ್ ಆಗಿದ್ದವಳು. ಎಂಟು ತಿಂಗಳಿಂದ ಅವನು ಎದುರಿಸಲಾರದೆ ತಲೆ ತಪ್ಪಿಸಿಕೊಂಡು ತಿರುಗುತ್ತಿದ್ದವಳು.

"ಕಾರ್ಡ್... ಇಲ್ಲ," ಎಂದ.

"ಕಾರ್ಡ್ ಇಲ್ದೆ ಸ್ಟಾಫ್ ಹೆಂಗಾಗ್ತೀರ? ಎಲ್ಲಿಗೆ?"

"ರಾಜಾಜಿನಗರ."

"ರಾಜಾಜಿನಗರ ಅಂದ್ರೆ ಎಲ್ಲಿ? ರಾಮಮಂದಿರನಾ, ನವರಂಗಾ?"

"ರಾಮಮಂದಿರ."

ಮೆಷಿನ್ ಕಿರ್ರೆಂದಿತು. ಟಿಕೆಟ್ ಹರಿದು ಅವನ ಕೈಗಿಟ್ಟಳು, ಪರಿಚಯವೇ ಇಲ್ಲದವನಿಗೆ ಇಟ್ಟ ಹಾಗೆ. "ಡೋರ್ ಹತ್ರ ನಿಲ್ಬೇಡಿ, ಒಳಗ್ ಬನ್ನಿ, ಒಳಗ್ ಬನ್ನಿ," ಎಂದು ಕೂಗುತ್ತ ಹಿಂದಕ್ಕೆ ನಡೆದಳು. ಡ್ರೈವರ್ ಸೀಟಿನಲ್ಲಿದ್ದ ಚನ್ನವೀರೇಶ್ ಕನ್ನಡಿಯಲ್ಲಿ ಇಣುಕಿ, ಮೀಸೆಯಡಿಯಲ್ಲೇ ನಕ್ಕ. ಕೆಂಗೇರಿ ಉಪನಗರದ ಬಿಸಿಲು ಕಿಟಕಿಯಲ್ಲಿ ಬಂದು ಕೊಟ್ರೇಶನ ಮುಖಕ್ಕೆ ಹೊಡೆಯುತ್ತಿತ್ತು. ಮುಖ ಕೆಂಪಾಗಿದ್ದು ಬಿಸಿಲಿಗೇ ಎಂದು ಅವನು ತನಗೆ ತಾನೇ ಹೇಳಿಕೊಂಡ.

ಐವತ್ಮೂರು ವಯಸ್ಸಾಗಿತ್ತು ಮಹಾರಾಯನಿಗೆ.

ಈ ಡ್ರೈವರ್ ಕಂಡಕ್ಟರ್ ಜೋಡಿ ಎನ್ನುವುದೇ ಒಂದು ವಿಚಿತ್ರ ಸಂಬಂಧ. ದಿನಕ್ಕೆ ಎಂಟು ಗಂಟೆ ಒಂದೇ ಸೂರಿನಡಿ ಇರುತ್ತಾರೆ, ಆದರೆ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಡ್ರೈವರ್ ರಸ್ತೆ ನೋಡಬೇಕು, ಕಂಡಕ್ಟರ್ ಜನ ನೋಡಬೇಕು. ಉಳಿದದ್ದೆಲ್ಲ ತಲೆಯ ಮೇಲಿನ ಆ ಉದ್ದನೆಯ ಕನ್ನಡಿಯಲ್ಲೇ ನಡೆಯಬೇಕು.

ನಡೆದಿತ್ತು ಕೂಡ. ನಾಯಂಡಹಳ್ಳಿಯ ಟ್ರಾಫಿಕ್ಕಿನಲ್ಲಿ ಬಸ್ಸು ಸಿಕ್ಕಿಹಾಕಿಕೊಂಡಾಗಲೆಲ್ಲ ಸಂಘಮಿತ್ರಾ ಮುಂದೆ ಬಂದು, ಅವನ ಸೀಟಿನ ಹಿಂದಿನ ಕಂಬ ಹಿಡಿದು ನಿಲ್ಲುತ್ತಿದ್ದಳು. ಅವನು ಮುಂದೆ ನೋಡಿಕೊಂಡೇ ಮಾತಾಡುತ್ತಿದ್ದ. ಹೆಂಡತಿ ತೀರಿಕೊಂಡಾಗ ಮಗಳು ರಾಗಿಣಿಗೆ ಒಂಬತ್ತು ವರ್ಷವಾಗಿತ್ತು. ಕೊಟ್ಟೂರಿನಿಂದ ಅಕ್ಕ ಲಕ್ಷ್ಮವ್ವ ಬಂದು ಆ ಮಗುವನ್ನು ಬೆಳೆಸಿಕೊಟ್ಟಳು. ಇದನ್ನೆಲ್ಲ ಅವನು ಯಾರಿಗೂ ಹೇಳದೆ ಆ ಕನ್ನಡಿಗೆ ಹೇಳಿದ್ದ. ಅವಳೂ ತನ್ನ ಎರಡು ವರ್ಷದ ಮದುವೆಯ ಕಥೆ ಹೇಳಿದ್ದಳು. "ಗಂಡ ಅಂತ ಒಬ್ರು ಹತ್ತಿದ್ರು, ಟಿಕೆಟ್ ತಗೊಳ್ದೆ ಮುಂದಿನ ಸ್ಟಾಪಲ್ಲೇ ಇಳ್ಕೊಂಡ್ರು," ಎಂದು ಹೇಳಿ ಅವಳೇ ಮೊದಲು ನಕ್ಕಿದ್ದಳು. ಆ ನಗು ಕನ್ನಡಿಯಲ್ಲಿ ಎಷ್ಟು ಚೆನ್ನಾಗಿತ್ತೆಂದರೆ, ಸಿಗ್ನಲ್ ಹಸಿರಾದದ್ದು ಅವನಿಗೆ ಕಾಣಲಿಲ್ಲ. ಹಿಂದಿನ ಆಟೋದವನು ಹಾರ್ನ್ ಬಾರಿಸಿ ಎಬ್ಬಿಸಬೇಕಾಯಿತು.

ಇನ್ನೊಂದು ವಿಷಯ. ಡಿಪೋದಲ್ಲಿ ಸಂಘಮಿತ್ರಾಗೆ ಎಲ್ಲರೂ ಅಣ್ಣಂದಿರೇ. ಚನ್ನವೀರೇಶಣ್ಣ, ಕ್ಲರ್ಕ್ ಆನಂದಣ್ಣ, ಟೀ ಅಂಗಡಿಯ ಚಿಕ್ಕಣ್ಣಣ್ಣ. ಆರು ವರ್ಷದಲ್ಲಿ ಕೊಟ್ರೇಶನನ್ನು ಮಾತ್ರ ಒಂದೇ ಒಂದು ಸಲವೂ ಅಣ್ಣ ಅಂದಿರಲಿಲ್ಲ. "ಡ್ರೈವರ್ ಸಾಹೇಬ್ರೇ" ಅನ್ನುತ್ತಿದ್ದಳು. ಇದನ್ನು ಅವನು ಗಮನಿಸಿದ್ದ. ಗಮನಿಸಿ, ಯಾರಿಗೂ ಹೇಳದೆ ಖುಷಿಪಟ್ಟಿದ್ದ.

ಇಷ್ಟು ಚೆನ್ನಾಗಿದ್ದದ್ದು ಕೆಟ್ಟದ್ದು ಕಳೆದ ಅಕ್ಟೋಬರಿನಲ್ಲಿ. ಗೋವಿಂದರಾಜನಗರದ ತಿರುವು, ಬೆಳಗ್ಗೆ ಒಂಬತ್ತೂವರೆ. ಎಡಕ್ಕೆ ತಿರುಗಿಸುತ್ತಿದ್ದ. ಹಿಂದಿನಿಂದ ಅವಳ "ಹೋಲ್ಡಾನ್" ಕೇಳಿತು. ಅವಳು ಹಾಗೆ ಕಿರುಚಿದ್ದನ್ನು ಅವನು ಎಂದೂ ಕೇಳಿರಲಿಲ್ಲ. ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ಇಳಿದು ನೋಡಿದರೆ, ಬಸ್ಸಿನ ಎಡ ಮೂಲೆಗೆ ಒಂದು ಗೇಣು ದೂರದಲ್ಲಿ ಸ್ಕೂಟರ್; ಅದರ ಮೇಲೆ ಒಬ್ಬ ತಾಯಿ, ಮುಂದೆ ಯೂನಿಫಾರ್ಮ್ ಹಾಕಿದ ಮಗು. ಮಗುವಿಗೆ ಏನೂ ಗೊತ್ತಾಗಿರಲಿಲ್ಲ, ಬಿಸ್ಕತ್ತು ತಿನ್ನುತ್ತಿತ್ತು. ಕೊಟ್ರೇಶನಿಗೆ ಮಾತ್ರ ಗೊತ್ತಾಗಿತ್ತು. ಆ ಸ್ಕೂಟರ್ ಅವನ ಕಣ್ಣಿಗೆ ಬಿದ್ದೇ ಇರಲಿಲ್ಲ.

ಕಣ್ಣಿನ ಪ್ರೆಶರ್ ಎಂದರು ಡಾಕ್ಟರು. ನೋವಿಲ್ಲ, ಕೆಂಪಿಲ್ಲ, ಸುಮ್ಮನೆ ಪಕ್ಕದ ನೋಟವನ್ನು ತಿಂದುಕೊಂಡು ಬರುವ ಕಾಯಿಲೆ. ಹೋದದ್ದು ವಾಪಸು ಬರುವುದಿಲ್ಲ, ಉಳಿದದ್ದನ್ನು ಡ್ರಾಪ್ಸ್ ಹಾಕಿ ಉಳಿಸಿಕೊಳ್ಳಬೇಕು. ಸ್ಟೀರಿಂಗ್ ಮಾತ್ರ ಮುಟ್ಟುವ ಹಾಗಿಲ್ಲ. ಡಿಪೋದವರು ಒಳ್ಳೆಯವರೇ; ಗೇಟಿನ ಹತ್ತಿರ ಕೂತು ಬಸ್ಸುಗಳ ನಂಬರ್ ಬರೆಯುವ ಕೆಲಸ ಕೊಡುತ್ತೇವೆ ಎಂದರು. ಬೆಳಗ್ಗೆಯಿಂದ ಸಂಜೆಯವರೆಗೆ ಬೇರೆಯವರು ಬಸ್ಸು ತಗೊಂಡು ಹೋಗುವುದನ್ನು ನೋಡುತ್ತ ಕೂರುವುದೇ? ಅವನು ಬೇಡವೆಂದು ರಿಟೈರ್‌ಮೆಂಟ್ ತಗೊಂಡ.

ಆಗ ಸಂಘಮಿತ್ರಾ ತಂದೆ ವೆಂಕಟಸ್ವಾಮಿಯವರನ್ನು ಕರೆದುಕೊಂಡು ನಾಗಪುರಕ್ಕೆ ಯಾತ್ರೆ ಹೋಗಿದ್ದಳು. ಬಂದಮೇಲೆ ವಿಷಯ ತಿಳಿದು ಮೂರು ಸಲ ಫೋನ್ ಮಾಡಿದಳು. ಅವನು ಎತ್ತಲಿಲ್ಲ. ಏನಂತ ಎತ್ತುವುದು? ತನ್ನ ಕಣ್ಣು ಹೋಗಿದೆ ಎಂದು ತನಗಿಂತ ಮೊದಲು ಗೊತ್ತಾದದ್ದು ಅವಳಿಗೆ. ಅವಳು ಕೂಗದಿದ್ದರೆ ಆ ಮಗು... ಅದನ್ನು ನೆನೆದಾಗಲೆಲ್ಲ ಅವನು ಫೋನನ್ನು ಮಗುಚಿ ಇಟ್ಟುಬಿಡುತ್ತಿದ್ದ. ನಾಚಿಕೆಯೇ ಅದು, ಬೇರೇನೂ ಅಲ್ಲ.

ಈಗ ಎಂಟು ತಿಂಗಳ ಮೇಲೆ, ಅವಳದೇ ಬಸ್ಸು ಎಂದು ಗೊತ್ತಾಗದೆ ಹತ್ತಿ, ಸ್ಟಾಫ್ ಎಂದು ಹೇಳಿ ಬೈಸಿಕೊಂಡು ಬಂದಿದ್ದ.

ಅವತ್ತು ಅವನು ರಾಜಾಜಿನಗರಕ್ಕೆ ಹೊರಟಿದ್ದೇ ಕಣ್ಣಿನ ಟೆಸ್ಟಿಗೆ. ದೊಡ್ಡ ಬಟ್ಟಲಿನಂಥ ಬಿಳಿ ಯಂತ್ರದೊಳಗೆ ಮುಖ ಇಟ್ಟು, ನಡುವಿನ ದೀಪ ನೋಡುತ್ತಿರಬೇಕು. ಸುತ್ತ ಅಲ್ಲೊಂದು ಇಲ್ಲೊಂದು ಸಣ್ಣ ಬೆಳಕು ಮಿಂಚುತ್ತದೆ. ಕಂಡ ತಕ್ಷಣ ಕೈಯಲ್ಲಿರುವ ಬಟನ್ ಒತ್ತಬೇಕು. ಒಂದು ಬೆಳಕೂ ತಪ್ಪಿಹೋಗಬಾರದೆಂದು ಕೊಟ್ರೇಶ್ ಎಷ್ಟು ಹುಷಾರಾಗಿ ಕಣ್ಣಾಡಿಸಿದನೆಂದರೆ, ಮುಗಿಯುವಷ್ಟರಲ್ಲಿ ಕುತ್ತಿಗೆ ಬೆವೆತಿತ್ತು.

"ಡಾಕ್ಟರ್ ಸೋಮವಾರ ಬರ್ತಾರೆ, ತಂದು ತೋರ್ಸಿ," ಎಂದು ಅಲ್ಲಿನ ಹುಡುಗಿ ರಿಪೋರ್ಟ್ ಕೊಟ್ಟಳು.

ಅವನು ಮೆಟ್ಟಿಲ ಮೇಲೆಯೇ ಹಳೆಯ ರಿಪೋರ್ಟಿನ ಪಕ್ಕ ಹೊಸದನ್ನಿಟ್ಟು ನೋಡಿದ. ಹಳೆಯದರಲ್ಲಿ ಕಪ್ಪು ಅಂಚಿನಲ್ಲಿತ್ತು. ಹೊಸದರಲ್ಲಿ ಅದು ನಡುವಿನವರೆಗೂ ಮಸಿ ಚೆಲ್ಲಿದ ಹಾಗೆ ಹಬ್ಬಿತ್ತು. ಎಂಟೇ ತಿಂಗಳಲ್ಲಿ ಇಷ್ಟಾದರೆ ಇನ್ನೆರಡು ವರ್ಷಕ್ಕೆ ಪೂರ್ತಿ ಕತ್ತಲು ಎಂದು ಲೆಕ್ಕ ಹಾಕಿದ. ಸೋಮವಾರ ಡಾಕ್ಟರ ಹತ್ತಿರ ಹೋಗಲೇ ಇಲ್ಲ. ರಿಪೋರ್ಟನ್ನು ಬೀರುವಿನಲ್ಲಿ, ಬಟ್ಟೆಗಳ ಅಡಿ ಹಾಸಿದ ಪೇಪರಿನ ಕೆಳಗೆ ಸೇರಿಸಿಬಿಟ್ಟ.

ಹಾಗೆ ನೋಡಿದರೆ ರಿಟೈರ್ ಆದಮೇಲಿನ ಬದುಕು ಅವನು ಹೆದರಿದಷ್ಟು ಕೆಟ್ಟದಾಗಿರಲಿಲ್ಲ. ರಾಗಿಣಿ ಬಸವೇಶ್ವರನಗರದ ಒಂದು ಸ್ಕೂಲಿನಲ್ಲಿ ಟೀಚರ್. ಅವಳಿಗೆ ದಿನಾ ಟಿಫನ್ ಬಾಕ್ಸ್ ಕಟ್ಟುವುದು ಈಗ ಅಪ್ಪನ ಡ್ಯೂಟಿ. ಮೊದಲ ವಾರ ನಾಲ್ಕು ದಿನ ಬದನೆಕಾಯಿ ಪಲ್ಯ ಮಾಡಿ ಹಾಕಿದ್ದ. ಐದನೆಯ ದಿನ ಅವಳು ಬಾಕ್ಸ್ ತೆರೆದು ನೋಡಿ, ಮೆಲ್ಲಗೆ ಹೇಳಿದ್ದಳು.

"ಅಪ್ಪ, ನಾನು ಬದನೆಕಾಯಿ ತಿನ್ನಲ್ಲ."

"ಯಾವಾಗಿಂದ?"

"ಹುಟ್ಟಿದಾಗಿಂದ."

ಕೊಟ್ರೇಶ್ ಸೌಟು ಹಿಡಿದು ನಿಂತೇ ಇದ್ದ. ಬೆಳಗ್ಗೆ ನಾಲ್ಕಕ್ಕೆ ಎದ್ದು ಹೋದರೆ ಮಗಳು ಮಲಗಿರುತ್ತಿದ್ದಳು, ಸೆಕೆಂಡ್ ಶಿಫ್ಟ್ ಮುಗಿಸಿ ಬಂದರೂ ಮಲಗಿರುತ್ತಿದ್ದಳು. ಮೈಸೂರು ರೋಡಿನಲ್ಲಿ ಯಾವ ಹಂಪ್ ಎಲ್ಲಿದೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದವನಿಗೆ ಮಗಳಿಗೆ ಏನು ಸೇರುವುದಿಲ್ಲ ಎಂದು ಗೊತ್ತಿರಲಿಲ್ಲ. ಅವನಿಗೆ ಅಳು ಬಂದಿತ್ತು. ಅವಳು ನಕ್ಕು, "ಪರ್ವಾಗಿಲ್ಲ ಬಿಡಿ, ಸ್ಟಾಫ್ ರೂಮಲ್ಲಿ ಎಲ್ರಿಗೂ ನಿಮ್ಮ ಪಲ್ಯ ಇಷ್ಟ," ಎಂದಿದ್ದಳು. ಅಂದಿನಿಂದ ಅವನು ಮಗಳನ್ನು ಹೊಸದಾಗಿ ಕಲಿಯುತ್ತಿದ್ದ. ಕಾಫಿಗೆ ಸಕ್ಕರೆ ಅರ್ಧ ಚಮಚ, ಚಪಾತಿ ತೆಳ್ಳಗಿರಬೇಕು, ಮಳೆ ಬಂದರೆ ಕಾರಣವಿಲ್ಲದೆ ಖುಷಿ.

ಕಾಯಿಲೆ ಬರದಿದ್ದರೆ ಇದೆಲ್ಲ ಗೊತ್ತಾಗುತ್ತಲೇ ಇರಲಿಲ್ಲವಲ್ಲ ಎಂದು ಎಷ್ಟೋ ಸಲ ಅನಿಸುತ್ತಿತ್ತು. ಆ ಕಪ್ಪು ರಿಪೋರ್ಟ್ ನೆನಪಾದಾಗ ಮಾತ್ರ ಬೀರುವಿಗೆ ಬೆನ್ನು ಮಾಡಿ ಕೂರುತ್ತಿದ್ದ.

ಇಷ್ಟಾದರೂ, ಬಸ್ಸಿನಲ್ಲಿ ಬೈಸಿಕೊಂಡ ಮಾರನೆಯ ದಿನವೇ ಬೆಳಗ್ಗೆ ಹತ್ತೂಕಾಲಿಗೆ ಅವನು ಅದೇ ಸ್ಟಾಪಿನಲ್ಲಿ, ಇಸ್ತ್ರಿ ಮಾಡಿದ ಶರ್ಟಿನಲ್ಲಿ ನಿಂತಿದ್ದ. ಯಾಕೆಂದು ನನ್ನನ್ನು ಕೇಳಬೇಡಿ, ಅವನನ್ನು ಕೇಳಿದ್ದರೆ ಅವನೂ ಹೇಳುತ್ತಿರಲಿಲ್ಲ.

ಡ್ರೈವರ್ ಹಿಂದಿನ ಸೀಟು ಖಾಲಿ ಇತ್ತು. ಕೂತ.

"ಎಲ್ಲಿಗೆ?" ಹಿಂದಿನಿಂದ ದನಿ ಬಂತು.

"ಅತ್ತಿಗುಪ್ಪೆ."

"ಅತ್ತಿಗುಪ್ಪೆಲಿ ಏನ್ ಕೆಲಸ?"

"ಕಂಡಕ್ಟರ್ ಅದನ್ನೂ ಕೇಳ್ಬೇಕು ಅಂತ ರೂಲ್ ಇದೆಯಾ?"

ಹೇಳಿದಮೇಲೆ ಅವನಿಗೇ ಆಶ್ಚರ್ಯವಾಯಿತು. ನಿನ್ನೆ ಬಾಯಿ ಒಣಗಿದವನಿಗೆ ಇವತ್ತು ಮಾತು ಎಲ್ಲಿಂದ ಬಂತು? ಕೂತ ಜಾಗದಿಂದ ಬಂತು. ಅವನು ಮುಂದೆ ನೋಡುತ್ತಿದ್ದ, ಅವಳು ಹಿಂದೆ ಕಂಬ ಹಿಡಿದು ನಿಂತಿದ್ದಳು. ಆರು ವರ್ಷ ಹೇಗಿದ್ದರೋ ಹಾಗೆ.

"ಮೂರು ಸಲ ಫೋನ್ ಮಾಡಿದ್ದೆ," ಎಂದಳು ಹಿಂದಿನಿಂದ. ದನಿ ತಗ್ಗಿತ್ತು.

"ನೋಡ್ದೆ."

"ನೋಡಿ?"

"ನಾಚಿಕೆ ಆಯ್ತು ಮೇಡಂ."

ಅವಳು ಟಿಕೆಟ್ ಕೊಟ್ಟಳು. ಕೊಡುವಾಗ ಬೆರಳ ತುದಿ ಅವನ ಹೆಗಲಿಗೆ ತಾಕಿತು. ಬಸ್ಸು ಹಂಪ್ ಹತ್ತಿದ್ದಕ್ಕೆ ತಾಕಿತೋ, ಸುಮ್ಮನೆ ತಾಕಿತೋ, ಅವನು ವಿಜಯನಗರ ಬರುವವರೆಗೂ ಯೋಚಿಸಿದ. ಯೋಚಿಸುತ್ತ ಅತ್ತಿಗುಪ್ಪೆಯಲ್ಲಿ ಇಳಿಯುವುದನ್ನೇ ಮರೆತಿದ್ದ.

"ಟಿಕೆಟ್ ಅತ್ತಿಗುಪ್ಪೆಗೆ. ಇದು ವಿಜಯನಗರ," ಎಂದಳು ಸಂಘಮಿತ್ರಾ. "ಇಳಿದು ಎರಡು ಸ್ಟಾಪ್ ವಾಪಸ್ ನಡೀರಿ. ಅದೇ ಫೈನು."

ಇಳಿದು ತಲೆ ತಿರುಗಿಸಿ ನೋಡಿದರೆ, ಬಾಗಿಲಲ್ಲಿ ನಿಂತವಳ ತುಟಿಯ ಬಲ ಮೂಲೆ ಒಂದಿಷ್ಟೇ ಇಷ್ಟು ಮೇಲೆದ್ದಿತ್ತು. ಕೊಟ್ರೇಶ್ ಎರಡೂ ಸ್ಟಾಪನ್ನು ಶಿಳ್ಳೆ ಹಾಕುತ್ತ ನಡೆದ.

ಆಮೇಲೆ ಅದೇ ಅಭ್ಯಾಸವಾಯಿತು. ದಿನಾ ಹತ್ತೂಕಾಲು. ಒಂದು ದಿನ ಹಾವನೂರು ಸರ್ಕಲ್, ಇನ್ನೊಂದು ದಿನ ಟೋಲ್ ಗೇಟ್. ಇಪ್ಪತ್ತೇಳು ವರ್ಷ ಓಡಿಸಿದ ರಸ್ತೆಯಲ್ಲಿ ಎಷ್ಟು ಅಂಗಡಿಗಳಿವೆ ಎಂದು ಈಗ ನೋಡುತ್ತಿದ್ದ. ಬಸ್ಸು ನಿಧಾನವಾದಾಗಲೆಲ್ಲ ಅವನ ಬಲಗಾಲು ತಾನಾಗಿಯೇ ನೆಲವನ್ನು ಒತ್ತುತ್ತಿತ್ತು. "ಸಾಕು ಬಿಡಿ, ಚನ್ನವೀರೇಶಣ್ಣಂಗೂ ಬ್ರೇಕ್ ಹಾಕಕ್ಕೆ ಬರತ್ತೆ," ಎನ್ನುತ್ತಿದ್ದಳು ಹಿಂದಿನಿಂದ. ನಾಯಂಡಹಳ್ಳಿಯ ಜಾಮ್ ಬೇಗ ಬಿಟ್ಟುಹೋದರೆ ಅವನಿಗೆ ಬೇಜಾರಾಗುತ್ತಿತ್ತು.

ಆದರೆ ಏನನ್ನೂ ಹೇಳುತ್ತಿರಲಿಲ್ಲ. ಹೇಳಬೇಕೆಂದು ಬಾಯಿ ತೆರೆದರೆ ಬೀರುವಿನೊಳಗಿನ ಕಪ್ಪು ಕಣ್ಮುಂದೆ ಬರುತ್ತಿತ್ತು. ನಾಳೆ ಕೈಹಿಡಿದು ನಡೆಸಬೇಕಾದವನು ಇವತ್ತು ಯಾವ ಮುಖ ಇಟ್ಟುಕೊಂಡು ಕೈ ಕೇಳುವುದು?

ಮೂರನೆಯ ವಾರ ಚಿಕ್ಕಣ್ಣನ ಅಂಗಡಿಯಲ್ಲಿ ಟೀ ಕುಡಿಯುತ್ತ ಚನ್ನವೀರೇಶ್ ಬಾಂಬ್ ಹಾಕಿದ.

"ಗೊತ್ತಾಯ್ತಾ ಗುರುಗಳೇ? ಸಂಘಮಿತ್ರಾ ಮೇಡಂಗೆ ಟ್ರಾನ್ಸ್‌ಫರ್ ಬಂದಿದೆ. ಹಾಸನಕ್ಕೆ. ಅಲ್ಲಿ ಅವರ ತಂಗಿ ಇದಾರಲ್ಲ."

"ಯಾವಾಗ ಕೇಳಿದ್ದು ಅವ್ರು?"

"ನೀವು ಬಿಟ್ಟು ಹೋದ್ರಲ್ಲ, ಅದಾದ್ ತಿಂಗಳಿಗೇ ಅರ್ಜಿ ಹಾಕಿದ್ರು. ಈ ತಿಂಗಳ ಮೊದಲಲ್ಲೇ ಆರ್ಡರ್ ಬಂದಿತ್ತಂತೆ. ಬೇಕಂದ್ರೆ ಮುಂದಿನ ತಿಂಗಳು ಒಂದನೇ ತಾರೀಕು ರಿಪೋರ್ಟ್ ಆಗ್ಬೇಕು, ಬೇಡ ಅಂದ್ರೆ ಅಷ್ಟರೊಳಗೆ ಬರ್ಕೊಡ್ಬೇಕು."

ಒಂದನೇ ತಾರೀಕಿಗೆ ಎಂಟೇ ದಿನ ಉಳಿದಿತ್ತು. ಕೊಟ್ರೇಶನ ಕೈಯಲ್ಲಿದ್ದ ಟೀ ತಣ್ಣಗಾಯಿತು.

ಅವತ್ತು ಸಂಜೆ ರಾಗಿಣಿ ಒಗೆಯಲು ತೆಗೆದ ಶರ್ಟಿನ ಜೇಬಿನಿಂದ ಟಿಕೆಟ್‌ಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲೆ ಜೋಡಿಸಿದಳು. ಎಲ್ಲವೂ ಹತ್ತೂಕಾಲಿನ ಬಸ್ಸಿನವು.

"ಅಪ್ಪ, ನೀವು ಡ್ಯೂಟಿಲಿದ್ದಾಗ್ಲೂ ಇಷ್ಟ್ ಕರೆಕ್ಟಾಗಿ ಬಸ್ ಹತ್ತಿರ್ಲಿಲ್ಲ. ಅದೇ ಮೇಡಂ ಬಸ್ಸಾ?"

"ಯಾವ ಮೇಡಂ?"

"ರಜೆ ದಿನ ಊಟಕ್ಕೆ ಕೂತಾಗೆಲ್ಲ ಅವ್ರು ಹಂಗಂದ್ರು, ಅವ್ರು ಹಿಂಗಂದ್ರು ಅಂತಿದ್ರಲ್ಲ ಆರು ವರ್ಷ. ಆ ಮೇಡಂ."

ಕೊಟ್ರೇಶ್ ಬಾಲ್ಕನಿಯ ತುಳಸಿಗೆ ಎರಡನೆಯ ಸಲ ನೀರು ಹಾಕಲು ಹೊರಟ. ಮಗಳು ಚೊಂಬು ಕಿತ್ತುಕೊಂಡಳು.

"ನೋಡಿ, ನಾನು ಇನ್ನೆರಡು ವರ್ಷಕ್ಕೆ ಮದುವೆ ಆಗಿ ಹೋಗ್ತೀನಿ. ಆಮೇಲೆ ಬದನೆಕಾಯಿ ಪಲ್ಯ ಯಾರಿಗ್ ಮಾಡ್ತೀರ? ಹೋಗಿ ಕೇಳಿ ಅಪ್ಪ. ಬೇಡ ಅಂದ್ರೆ ಮನೆಗೆ ಬನ್ನಿ, ನಾನಿದೀನಿ."

ಮಾರನೆಯ ದಿನ ಅವನು ಸ್ಟಾಪಿಗೆ ಹೋಗದೆ ನೇರ ಕೆಂಗೇರಿ ಉಪನಗರದ ಬಸ್ ಸ್ಟ್ಯಾಂಡಿಗೇ ಹೋದ. ಬಸ್ಸು ಹೊರಡಲು ಹದಿನೈದು ನಿಮಿಷವಿತ್ತು. ಚನ್ನವೀರೇಶ್ ಟೀಗೆ ಹೋಗಿದ್ದ. ಖಾಲಿ ಬಸ್ಸಿನಲ್ಲಿ ಸಂಘಮಿತ್ರಾ ಒಬ್ಬಳೇ ಕೂತು ಟಿಕೆಟ್ ಮೆಷಿನ್ನಿಗೆ ಪೇಪರ್ ರೋಲ್ ಹಾಕುತ್ತಿದ್ದಳು.

ಹತ್ತಿ ಅವಳ ಎದುರಿಗೆ ನಿಂತ. ಅವಳು ತಲೆ ಎತ್ತಿದಳು. ಅಷ್ಟು ಹತ್ತಿರದಿಂದ, ನಡುವೆ ಕನ್ನಡಿ ಇಲ್ಲದೆ, ಆ ಕಣ್ಣು ನೋಡಿದ್ದೇ ತಪ್ಪಾಯಿತು. ರಾತ್ರಿಯಿಡೀ ಜೋಡಿಸಿಟ್ಟ ಮಾತು ಒಂದೂ ಉಳಿಯಲಿಲ್ಲ.

"ಹೇಳಿ," ಎಂದಳು.

"ಅದು... ಏನಿಲ್ಲ. ಮೋಡ ಆಗಿದೆ."

"ಮೋಡ ಆಗಿದೆ ಅಂತ ಹೇಳಕ್ಕೆ ಬಂದ್ರಾ?"

ಅವನು ತನ್ನ ಚಪ್ಪಲಿ ನೋಡಿಕೊಂಡ. ಅವಳೂ ಅವನ ಚಪ್ಪಲಿಯನ್ನೇ ಒಂದು ಕ್ಷಣ ನೋಡಿದಳು. ಆಮೇಲೆ ಮೆಷಿನ್ ಪಕ್ಕಕ್ಕಿಟ್ಟು ಎದ್ದಳು.

"ಹೋಗಿ, ನಿಮ್ಮ ಸೀಟಲ್ಲಿ ಕೂತ್ಕೊಳ್ಳಿ."

"ಯಾವ್ ಸೀಟು?"

"ನಿಮ್ದು ಯಾವ್ದು? ಅದರಲ್ಲಿ."

ಅವಳು ತೋರಿಸಿದ್ದು ಡ್ರೈವರ್ ಸೀಟು. ಎಂಟು ತಿಂಗಳಿಂದ ಅದರಲ್ಲಿ ಕೂತಿರಲಿಲ್ಲ. ಇಂಜಿನ್ ಆಫ್ ಆಗಿತ್ತು, ಬಸ್ಸು ಎಲ್ಲಿಗೂ ಹೋಗುವಂತಿರಲಿಲ್ಲ. ಆದರೂ ಅಂಗೈ ಒರೆಸಿಕೊಂಡು ಹತ್ತಿ ಕೂತ. ಕೈಗಳು ಸ್ಟೀರಿಂಗ್ ಮೇಲೆ ಹೋಗಿ ತಮ್ಮ ಜಾಗ ಹುಡುಕಿಕೊಂಡವು. ಹಿಂದೆ ಅವಳು ಬಂದು ಕಂಬ ಹಿಡಿದು ನಿಂತಳು. ಅವನು ಕನ್ನಡಿ ನೋಡಿದ. ಕನ್ನಡಿ ಅವನ ಎದುರಿಗೇ ಇತ್ತು, ಅದರಲ್ಲಿ ಅವಳು ಪೂರ್ತಿ ಕಾಣುತ್ತಿದ್ದಳು.

"ಈಗ ಹೇಳಿ, ಡ್ರೈವರ್ ಸಾಹೇಬ್ರೇ."

"ಹಾಸನಕ್ಕೆ ಹೋಗ್ಬೇಡಿ."

"ಯಾಕೆ?"

"ನಂಗೆ ನೀವು ಬೇಕು, ಸಂಘಮಿತ್ರಾ. ಆರು ವರ್ಷದಿಂದ ಬೇಕಿತ್ತು. ಕೆಲಸ ಹೋಗಿದ್ದಕ್ಕಿಂತ ಜಾಸ್ತಿ, ನೀವು ಕನ್ನಡೀಲಿ ಕಾಣಲ್ವಲ್ಲ ಅಂತ ಅತ್ತಿದೀನಿ." ಒಂದೇ ಉಸಿರಿಗೆ ಹೇಳಿದ. "ಆದ್ರೆ ಕೇಳೋ ಹಂಗಿಲ್ಲ ನಾನು. ಅದನ್ನೂ ಹೇಳ್ಬಿಡ್ತೀನಿ. ಅವತ್ತು ಟೆಸ್ಟ್ ಆಯ್ತು. ನಡುವಿನವರೆಗೂ ಕಪ್ಪಾಗಿದೆ. ಇನ್ನೆರಡು ವರ್ಷಕ್ಕೆ ಪೂರ್ತಿ ಕತ್ತಲಾಗ್ಬಹುದು."

ಕನ್ನಡಿಯಲ್ಲಿ ಅವಳ ಕಣ್ಣು ತೇವವಾದದ್ದು ಕಂಡಿತು. ಆಮೇಲೆ ಅವಳು ಗದರಿಸಿದಳು.

"ಕತ್ತಲಾದ್ರೆ ಆಗ್ಲಿ. ಮುಂದಿನ ಸ್ಟಾಪ್ ಯಾವ್ದು ಅಂತ ಕೂಗೋದೇ ಅಲ್ವಾ ನನ್ನ ಕೆಲಸ? ಸಾವಿರ ಜನಕ್ಕೆ ಕೂಗ್ತೀನಿ, ನಿಮಗೊಬ್ರಿಗೆ ಕೂಗಲ್ವಾ?"

ಕೊಟ್ರೇಶ್ ಸ್ಟೀರಿಂಗ್ ಗಟ್ಟಿಯಾಗಿ ಹಿಡಿದುಕೊಂಡ.

"ಡಾಕ್ಟರ್ ಏನಂದ್ರು?" ಎಂದಳು.

"ತೋರ್ಸಿಲ್ಲ."

"ತೋರ್ಸೇ ಇಲ್ವಾ?" ಅವಳ ದನಿಯೇ ಬದಲಾಯಿತು. "ನಮ್ಮಪ್ಪಂಗೂ ಇದೇ ಕಾಯಿಲೆ. ಆರು ತಿಂಗಳಿಗೊಂದ್ಸಲ ನಾನೇ ಕರ್ಕೊಂಡ್ ಹೋಗ್ತೀನಿ. ಹೇಳಿ, ಆ ಮೆಷಿನ್ ಒಳಗೆ ಎಲ್ಲಿ ನೋಡ್ತಿದ್ರಿ?"

"ಎಲ್ಲಾ ಕಡೆ. ಬೆಳಕು ಎಲ್ಲಿ ಬರತ್ತೋ ಅಂತ ನೋಡ್ಬೇಡ್ವಾ?"

"ಹೆಂಗೆ? ಒಂದ್ಸಲ ಎಡಕ್ಕೆ, ಒಂದ್ಸಲ ಬಲಕ್ಕೆ?"

"ಹೌದ್ರಿ. ಎಡಕ್ಕೆ, ಬಲಕ್ಕೆ, ಆಮೇಲೆ ಮೇಲೆ."

ಸಂಘಮಿತ್ರಾ ಕಂಬಕ್ಕೆ ಹಣೆ ಒರಗಿಸಿ ನಗತೊಡಗಿದಳು. ನಕ್ಕು ನಕ್ಕು ಖಾಕಿ ತೋಳಿನಲ್ಲಿ ಕಣ್ಣೊರೆಸಿಕೊಂಡಳು.

"ಅಯ್ಯೋ ದೇವ್ರೇ. ಎಡಗನ್ನಡಿ, ಬಲಗನ್ನಡಿ, ಆಮೇಲೆ ತಲೆ ಮೇಲಿನ ಕನ್ನಡಿ. ಆರು ವರ್ಷ ನೋಡಿದೀನಿ, ಎರಡು ಸೆಕೆಂಡಿಗೊಂದ್ಸಲ. ಅಲ್ಲಿ ಕೂತ್ಕೊಂಡೂ ಬಸ್ ಓಡ್ಸಿದೀರ ನೀವು. ಅಲ್ಲಿ ನಡುವಿನ ದೀಪ ಬಿಟ್ಟು ಅಲ್ಲಾಡಂಗಿಲ್ಲ. ಅಲ್ಲಾಡಿದ್ರೆ ಟೆಸ್ಟೇ ಕೆಟ್ಟೋಗತ್ತೆ. ಅಪ್ಪಂಗೆ ಮೊದ್ಲ ಸಲ ಹಂಗೇ ಆಗಿತ್ತು, ಎರಡನೇ ಸಲ ಮಾಡ್ಸಿದ್ರು."

"ಹಂಗಾದ್ರೆ ಕಪ್ಪು?"

"ನಂಗೊತ್ತಿಲ್ಲ, ನಾನು ಡಾಕ್ಟರ್ ಅಲ್ಲ. ನಿಜ ಇರ್ಬಹುದು, ಸುಳ್ಳೂ ಇರ್ಬಹುದು. ಶುಕ್ರವಾರ ನನ್ನ ವೀಕ್ಲಿ ಆಫು. ಇಬ್ರೂ ಹೋಗಣ."

ಅವನು ಕನ್ನಡಿಯನ್ನೇ ನೋಡಿದ. "ಮತ್ತೆ ನಾನು ಕೇಳಿದ್ದಕ್ಕೆ?"

"ಕಣ್ಣು ಹೆಂಗಿದ್ರೂ ನನ್ನ ಉತ್ತರ ಒಂದೇ. ಆದ್ರೆ ಈಗ ಹೇಳಲ್ಲ."

"ಯಾಕೆ?"

"ನನ್ನಿಷ್ಟ," ಎಂದಳು. ಅಷ್ಟರಲ್ಲಿ ಚನ್ನವೀರೇಶ್ ಬಾಗಿಲಲ್ಲಿ ಕಾಣಿಸಿಕೊಂಡು, ತನ್ನ ಸೀಟಿನಲ್ಲಿ ಕೂತವನನ್ನು ನೋಡಿ, ಒಂದು ಮಾತೂ ಆಡದೆ ಇನ್ನೊಂದು ಟೀ ಕುಡಿಯಲು ವಾಪಸು ಹೋದ. ಬಸ್ಸು ಅವತ್ತು ನಾಲ್ಕು ನಿಮಿಷ ಲೇಟು.

ಶುಕ್ರವಾರ ಅವಳು ಖಾಕಿ ಇಲ್ಲದೆ ಬಂದಳು. ತಿಳಿ ಹಳದಿ ಸೀರೆ, ಅದೇ ನೀಲಿ ಓಲೆ, ಹೆಗಲಲ್ಲಿ ಬೇರೆ ಬ್ಯಾಗು. ಬಸ್ಸಿನಲ್ಲಿ ಅವನ ಪಕ್ಕದಲ್ಲೇ ಕೂತಳು. ಪಕ್ಕದಲ್ಲಿ ಕೂತರೆ ಅವನಿಗೆ ಕಾಣುವುದಿಲ್ಲ. ಸೀರೆಯ ಗಂಜಿಯ ವಾಸನೆ, ಬಳೆಯ ಸದ್ದು ಮಾತ್ರ. ನೋಡಬೇಕೆಂದರೆ ಪೂರ್ತಿ ತಿರುಗಬೇಕು. ಕೊಟ್ರೇಶ್ ರಾಮಮಂದಿರ ಬರುವಷ್ಟರಲ್ಲಿ ಹದಿನೈದು ಸಲವಾದರೂ ಪೂರ್ತಿ ತಿರುಗಿರಬೇಕು.

"ಕುತ್ತಿಗೆ ಉಳುಕತ್ತೆ," ಎಂದಳು ಅವಳು, ಕಿಟಕಿಯ ಕಡೆ ನೋಡುತ್ತ.

ಈ ಸಲ ಯಂತ್ರದೊಳಗೆ ಮುಖ ಇಟ್ಟಾಗ ಅವನು ಬಸ್ಸನ್ನು ನಿಲ್ಲಿಸಿಬಿಟ್ಟ. ಎಡಗನ್ನಡಿ ಇಲ್ಲ, ಬಲಗನ್ನಡಿ ಇಲ್ಲ, ಹಿಂದೆ ಬರುವ ಲಾರಿ ಇಲ್ಲ. ಯಾರನ್ನೂ ಎಲ್ಲಿಗೂ ಮುಟ್ಟಿಸುವ ಜವಾಬ್ದಾರಿ ಇಲ್ಲ. ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ಅವನ ಕಣ್ಣು ಒಂದೇ ಕಡೆ ನಿಂತಿತು.

ಡಾಕ್ಟರು ಮೂರೂ ರಿಪೋರ್ಟ್ ಜೋಡಿಸಿ ನೋಡಿದರು. ನಡುವಿನದರ ಮೂಲೆಯಲ್ಲಿ ಇಂಗ್ಲಿಷಿನಲ್ಲಿದ್ದ ಸಾಲೊಂದಕ್ಕೆ ಬೆರಳಿಟ್ಟರು. "ನೋಟ ತುಂಬ ಅಲ್ಲಾಡಿದೆ, ನಂಬಕ್ಕಾಗಲ್ಲ ಅಂತ ಮೆಷಿನ್ನೇ ಬರ್ದಿದೆ. ಇದನ್ನ ನೋಡ್ಕೊಂಡು ಹೆದ್ರಿದ್ರಾ? ಇವತ್ತಿಂದು ಕರೆಕ್ಟಾಗಿದೆ. ಹೋದ ವರ್ಷ ಎಷ್ಟಿತ್ತೋ ಅಷ್ಟೇ ಇದೆ. ಡ್ರಾಪ್ಸ್ ಒಂದು ದಿನಾನೂ ತಪ್ಪಿಸ್ಬೇಡಿ. ಟೆಸ್ಟಿಗೆ ಬಂದ್ರೆ ನನ್ನನ್ನ ನೋಡ್ದೆ ಓಡ್ಹೋಗ್ಬೇಡಿ."

"ಓಡೋಗಲ್ಲ ಬಿಡಿ ಡಾಕ್ಟ್ರೇ," ಎಂದಳು ಸಂಘಮಿತ್ರಾ.

ಹೊರಗೆ ಬಂದಾಗ ತುಂತುರು ಶುರುವಾಗಿತ್ತು. ಮೆಡಿಕಲ್ ಶಾಪಿನ ಸೂರಿನ ಕೆಳಗೆ ನಿಂತರು. ಕೊಟ್ರೇಶನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಖುಷಿಯ ಹಿಂದೆಯೇ ಇನ್ನೊಂದು ಭಯ ಬಂತು. ಇವತ್ತು ಇಪ್ಪತ್ತೊಂಬತ್ತನೇ ತಾರೀಕು.

"ಮತ್ತೆ... ಹಾಸನ?" ಎಂದ.

ಅವಳು ಬ್ಯಾಗಿನಿಂದ ಮಡಚಿದ ಕಾಗದ ತೆಗೆದು ಕೊಟ್ಟಳು. ಅವನು ಬಿಡಿಸಿ ಓದಿದ. ವರ್ಗಾವಣೆ ಬೇಡ, ಇಲ್ಲೇ ಮುಂದುವರಿಯುತ್ತೇನೆ ಎಂದು ಅವಳು ಬರೆದುಕೊಟ್ಟ ಪತ್ರದ ನಕಲು. ಕೆಳಗೆ ಡಿಪೋದ ಸೀಲು, ಸಹಿ, ತಾರೀಕು. ತಾರೀಕನ್ನು ಎರಡು ಸಲ ಓದಿದ. ಜೂನ್ ಏಳು.

"ಇದು ನಾನು ಅತ್ತಿಗುಪ್ಪೆಲಿ ಇಳಿಯೋದ್ ಮರೆತ ದಿನ."

"ಹ್ಞೂಂ. ಡ್ಯೂಟಿ ಮುಗಿಸಿ ನೇರ ಹೋಗಿ ಬರ್ಕೊಟ್ಟೆ. ಯಾರಿಗೂ ಹೇಳ್ಬೇಡಿ ಅಂತ ಆನಂದಣ್ಣನ ಹತ್ರ ಆಣೆ ಹಾಕಿಸ್ಕೊಂಡಿದ್ದೆ."

"ಮತ್ತೆ ನಾನು ಈ ಒಂದು ವಾರ ನಿದ್ದೆ ಇಲ್ಲ, ಊಟ ಇಲ್ಲ... ಸುಮ್ನೆ ನೋಡ್ತಿದ್ರಾ?"

"ನಿಮ್ದು ಒಂದು ವಾರ. ನಂದು ಎಂಟು ತಿಂಗಳು," ಎಂದಳು ಸಂಘಮಿತ್ರಾ. ನಗುತ್ತಲೇ ಹೇಳಿದಳು, ಆದರೆ ಕೊನೆಯ ಮಾತಿಗೆ ದನಿ ಒಡೆಯಿತು. "ಹಾಳಾದ್ ಕಣ್ಣು ಹೋದ್ರೆ ಹೋಗ್ಲಿ, ಒಂದ್ ಫೋನ್ ಎತ್ತಕ್ಕೆ ಕಣ್ಣು ಬೇಕಿತ್ತಾ?"

ಅವನಲ್ಲಿ ಇದ್ದದ್ದು ಒಂದೇ ಮಾತು. ಅವನು ಅವಳ ಪಕ್ಕದಿಂದ ಸರಿದು, ಮಳೆಗೇ ಇಳಿದು, ಅವಳ ಎದುರಿಗೆ ಬಂದು ನಿಂತ. ಮುಂದೆ ರಸ್ತೆ ಇರಲಿಲ್ಲ, ಹಿಂದೆ ದನಿ ಇರಲಿಲ್ಲ. ಅವಳ ಮುಖ ಎದುರಿಗೇ ಇತ್ತು. ಅಂಗಡಿಯವನು, ಔಷಧಿ ತಗೊಳ್ಳಲು ಬಂದವರು, ಎಲ್ಲರೂ ನೋಡುತ್ತಿದ್ದರು.

"ನನ್ನ ಮದುವೆ ಆಗ್ತೀರಾ, ಸಂಘಮಿತ್ರಾ?" ಎಂದ. ಕಣ್ಣು ಅತ್ತಿತ್ತ ಅಲ್ಲಾಡಲಿಲ್ಲ.

ಅವಳು ಆರು ವರ್ಷ ಕನ್ನಡಿಯಲ್ಲಿ ನೋಡಿದ್ದ ಆ ಮುಖವನ್ನು ನೇರವಾಗಿ ನೋಡಿದಳು. ಸೆರಗಿನಿಂದ ಅವನ ಹಣೆಯ ಮೇಲಿನ ಮಳೆ ಒರೆಸಿದಳು.

"ಆಗ್ತೀನಿ," ಎಂದಳು. "ಈಗ ಒಳಗ್ ಬನ್ನಿ, ನೆನೀತಿದೀರ."